ಷರಾ

ಹಳ್ಳಿಮೈಸೂರು ದಾಟಿ, ಹೊಂಗೆಮರದ ಹತ್ತಿರ,
ಕಾಲುವೆಯ ದಂಡೆಗೆ ಎರಡು ಗೂಟ. ನಡುವೆ ನೂರಡಿ.
ಅಗಲ ನಾಲ್ಕಡಿ, ಆಳ ಒಂದೂವರೆ.
ಸೌಡಿ ಕಾಳಮಾರಯ್ಯ ಒಣಗಿದ ಹೊಂಗೆಕಾಯಿ ಎಸೆದು
"ಹೋಯ್ತು!" ಅಂದ. ನಾನು ಮೊಬೈಲು ಒತ್ತಿದೆ.

ಮೊದಲ ಕಾಯಿ ದಂಡೆಯ ಗರಿಕೆಗೆ ಸಿಕ್ಕಿತು.
ಎರಡನೆಯದನ್ನು ಹುಂಡುಕೋಳಿಯೊಂದು ಅಡ್ಡಬಂದು ಕುಕ್ಕಿತು.
ಮೂರನೆಯದು ಸುಸೂತ್ರ: ಎಂಬತ್ತು ಸೆಕೆಂಡು.
ಬಂದ ವೇಗದಲ್ಲಿ ಹತ್ತಕ್ಕೆರಡು ಪಾಲು ಕಳೆಯಬೇಕು,
ಮೇಲಿನ ನೀರಿಗೆ ಅವಸರ,
ತಳದ್ದು ಕೆಸರಿನೊಡನೆ ಮಾತಾಡುತ್ತ ಬರುತ್ತದೆ.
ಆರು ಕ್ಯೂಸೆಕ್, ಬರೆದುಕೊಂಡೆ.

ಒಂದೂವರೆ ಮೈಲಿ ಕೆಳಗೆ, ಕೊನೆಯ ತೂಬಿಗೆ ಮುಂಚೆ,
ಅದೇ ಲೆಕ್ಕ, ಬೇರೆ ಕಾಯಿ. ನಾಲ್ಕು.
ನಡುವಿನ ಏಳೂ ತೂಬಿಗೆ ಬೀಗ,
ಬೀಗದ ಕೈ ಕಾಳಮಾರಯ್ಯನ ಉಡಿದಾರದಲ್ಲಿ.
ಎರಡೆಂದರೆ ಸಣ್ಣ ಅಂಕಿ;
ಸೆಕೆಂಡಿಗೆ ನಾಲ್ಕು ಕೊಡ.
ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ಹನ್ನೆರಡು.

ಹುಡುಕುತ್ತ ಮೇಲಕ್ಕೆ ನಡೆದೆವು.
ಬಿಸಿಲನ್ನು ದೂರುವುದು ಸುಲಭ; ಗುಣಿಸಿ ನೋಡಿದರೆ
ಇಷ್ಟುದ್ದಕ್ಕೂ ಅದು ಕುಡಿಯುವುದು ಸೆಕೆಂಡಿಗೊಂದು ಲೋಟ.
ಕೆಸವಿನೆಲೆಯ ಮರೆಯಲ್ಲಿ ಕಪ್ಪು ಪೈಪು,
ಕಸ ಹೋಗದಂತೆ ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು.
"ಕದಿಯೋದ್ರಲ್ಲೂ ಎಷ್ಟು ಚೊಕ್ಕ ನೋಡಿ ಮೇಡಮ್ಮೋರೆ"
ಎಂದು ಕಾಳಮಾರಯ್ಯ ಕಿತ್ತೆಸೆದ.
ಯಾರದೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಏಡಿಬಿಲ ಇಪ್ಪತ್ತಾರಾದ ಮೇಲೆ ಎಣಿಸುವುದು ಬಿಟ್ಟೆ.

ರಾತ್ರಿ ನೀರು ನಿಲ್ಲಿಸಿ, ಎರಡೂ ಕಡೆ ಮರಳುಚೀಲ ಒಟ್ಟಿ,
ನಡುವೆ ಅಡಿಕೋಲು ನೆಟ್ಟು ಕೂತೆವು.
ಬಿಸಿಲಿಲ್ಲ, ಪೈಪಿಲ್ಲ, ಹರಿವೂ ಇಲ್ಲ.
ಅವನು ಬೀಡಿ ಹಚ್ಚಿದಾಗಲೆಲ್ಲ
ಆ ಕಡ್ಡಿ ಉರಿಯುವಷ್ಟು ಹೊತ್ತು ಕೋಲು ಓದಿದೆ.
ಬೆಳಗಿನ ಐದಕ್ಕೆ ಒಂದು ಗೇಣು ಇಳಿದಿತ್ತು
ಯಾರೂ ಮುಟ್ಟದ ನೀರು.

ಆಗ ದಂಡೆಯ ಕೆಳಗೆ ರಾಟೆಯ ಸದ್ದು.
ಜಯಮ್ಮಣ್ಣಿಯ ಮನೆ ಮುಂದೆ ಮೂರಾಳುದ್ದದ ಬಾವಿ.
"ಕಾಲುವೆ ಬಿಟ್ಟ ಮೂರ್ನೇ ದಿನಕ್ಕೆ ಇದು ಏರುತ್ತೆ,
ನಿಲ್ಸಿದ ಹತ್ತನೇ ದಿನಕ್ಕೆ ತಳ ಕಾಣುತ್ತೆ.
ಈ ಮನೆ ಹೊಸ್ತಿಲು ತುಳಿದಾಗಿಂದ ನೋಡ್ತಾ ಇದೀನಿ.
ನಿಮ್ಮ ಕೋಲು ಹೇಳ್ಲಿಲ್ವಾ?"
ಚೊಂಬಿನಲ್ಲಿ ಕೊಟ್ಟರು. ಕಾಲುವೆಯ ವಾಸನೆಯಿಲ್ಲ,
ಮಣ್ಣು ಇಡೀ ರಾತ್ರಿ ಕೂತು ಸೋಸಿದ್ದು.
ನನ್ನ ನಮೂನೆಯಲ್ಲಿ ಅದರ ಹೆಸರು ನಷ್ಟ.

ಕೊನೆಯ ತೂಬಿನ ರುಕ್ಮಾಂಗದ ಅಷ್ಟರಲ್ಲಿ ಸೈಕಲ್ಲು ತುಳಿದು ಬಂದ.
ಅವನ ಒಟ್ಲಿಗೆ ಮೂವತ್ತೆರಡು ದಿನ;
ಪೈರು ನಾಟಿಗೆ ಕಾದು ಕಾದು ಗೆಣ್ಣು ಕಟ್ಟುತ್ತಿದೆ.
"ಸಿಮೆಂಟು ಹಾಕ್ಸಿ, ಬೇರೆ ಮಾತೇ ಬೇಡ" ಎಂದ.
ಬಾವಿ ತೋರಿಸಿದೆ. ತುಂಬ ಹೊತ್ತು ಬಗ್ಗಿ ನೋಡಿದ,
ತಪ್ಪಿಸಿಕೊಂಡ ತನ್ನ ಹಸುವನ್ನು
ಇನ್ನೊಬ್ಬರ ಕೊಟ್ಟಿಗೆಯಲ್ಲಿ ಗುರುತು ಹಿಡಿದವನಂತೆ.
"ಬಾವೀನೂ ಬರೀರಿ, ನನ್ ಗದ್ದೇನೂ ಬರೀರಿ.
ಎರಡಕ್ಕೂ ಸಾಲೋ ಅಂಕಿ ಗೊತ್ತಿದ್ರೆ ಅದನ್ನ ಬರೀರಿ.
ಇಲ್ದಿದ್ರೆ ಇನ್ನೊಂದ್ಸಲ ಕಾಯಿ ಎಸೀರಿ."

ಹೊಳೆನರಸೀಪುರದ ಕಚೇರಿ, ಸಂಜೆ.
ಒಳಹರಿವು ಆರು. ಹೊರಹರಿವು ನಾಲ್ಕು. ನಷ್ಟ ಎರಡು.
ಕಳವು: ಪೈಪು ಒಂದು, ತೆಗೆಸಲಾಗಿದೆ.
ಷರಾ ಕಾಲಮ್ಮು ಎರಡು ಬೆರಳಗಲ;
ಅಷ್ಟರಲ್ಲಿ ಬಾವಿ ಹಿಡಿಸಲು ಅಕ್ಷರ ಕಿರಿದು ಮಾಡಿದೆ:
"ಎಡದಂಡೆಗೆ ಹೊಂದಿ ಬಾವಿ ಒಂದು.
ಹನ್ನೊಂದು ಮನೆಯವರು ಸೇದುತ್ತಾರೆ.
ಸಿಮೆಂಟಿಗೆ ಮಂಜೂರಾತಿ ಕೊಡುವವರು
ಮೊದಲು ಇಲ್ಲಿ ಒಂದು ಚೊಂಬು ಕುಡಿದು,
ನಂತರ ರುಕ್ಮಾಂಗದನ ಒಟ್ಲು ನೋಡತಕ್ಕದ್ದು."
ಜಾಗ ಮುಗಿದಿತ್ತು. ಮಗುಚಿ, ಹಿಂಬದಿಯಲ್ಲಿ:
ಏಡಿಬಿಲಕ್ಕೆ ಜೇಡಿಮಣ್ಣು, ಮೂರು ಗಾಡಿ, ನಾಳೆಗೇ.
ಕಾಳಮಾರಯ್ಯನಿಗೆ ಹೊಸ ಹಾರೆ.